ಏಳು ಕಿಲೋ ನೂರೈವತ್ತು

ಹದಿನೇಳು ವರ್ಷದಿಂದ ನಾನು ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರ್. ಅಂಗಡಿ, ಮಾರುಕಟ್ಟೆ, ಗೋದಾಮು ಎಂದು ಸುತ್ತುವುದು, ತಕ್ಕಡಿ ಸರಿಯಿದ್ದರೆ ಮುದ್ರೆ ಒತ್ತುವುದು, ಇಲ್ಲದಿದ್ದರೆ ಕೆಂಪು ಚೀಟಿ ಅಂಟಿಸಿ ಮೂಲೆಗೆ ಇಡಿಸುವುದು ನನ್ನ ಕೆಲಸ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ತಟ್ಟೆಯ ಕೆಳಗೆ ಅಯಸ್ಕಾಂತ ಅಂಟಿಸಿದವನನ್ನೋ, ತೂಗುವಾಗ ಕಿರುಬೆರಳು ತಾಗಿಸುವವನನ್ನೋ ಕಂಡರೆ ಪಿತ್ತ ನೆತ್ತಿಗೇರುತ್ತದೆ. "ಐದೇ ಗ್ರಾಂ ಅಲ್ವಾ ಸಾರ್, ಬಿಟ್ಬಿಡಿ" ಎಂದವನೊಬ್ಬನಿಗೆ ಇಡೀ ಬೀದಿಗೆ ಕೇಳುವಂತೆ ಬೈದಿದ್ದೇನೆ. ಇದನ್ನೆಲ್ಲ ಮೊದಲೇ ಏಕೆ ಹೇಳುತ್ತಿದ್ದೇನೆ ಎಂದರೆ, ಮುಂದಿನದನ್ನು ಓದಿ ನೀವು ನನ್ನನ್ನು ಬೈಯಲು ಹೊರಟಾಗ ಎಲ್ಲಿಂದ ಶುರು ಮಾಡಬೇಕೆಂದು ಗೊತ್ತಿರಲಿ ಎಂದು.

ನಮಗೆ ಮಗಳು ಹುಟ್ಟಿದ್ದು ಮದುವೆಯಾಗಿ ಒಂಬತ್ತು ವರ್ಷದ ಮೇಲೆ. ಹೆಂಡತಿ ಒಂದು ಮುದ್ರಣಾಲಯದ ಬೈಂಡಿಂಗ್ ವಿಭಾಗದಲ್ಲಿದ್ದವಳು, ಮಗುವಿಗಾಗಿ ಒಂದು ವರ್ಷ ರಜೆ ಹಾಕಿದ್ದಳು. ಮಗು ಬಂದ ಮೇಲೆ ನಮ್ಮ ಮನೆಯಲ್ಲಿ ಗಡಿಯಾರ ಎನ್ನುವುದು ಗೋಡೆಗೆ ಅಲಂಕಾರವಾಯಿತು, ಅಷ್ಟೆ. ಕುರ್ಚಿಯ ಬೆನ್ನಿನ ಮೇಲೆ ಒದ್ದೆ ಬಟ್ಟೆ, ಫ್ರಿಜ್ಜಿನ ಮೇಲೆ ಕಾಲುಚೀಲದ ಒಂದು ಕಾಲು, ನನ್ನ ಕಡತದ ಮೇಲೆ ಹಿಸುಕಿದ ಬಾಳೆಹಣ್ಣು. ಎಂಟನೇ ತಿಂಗಳಿಗೆ ಮಹಾರಾಯಿತಿ ಮೇಜಿನ ಕಾಲು ಹಿಡಿದು ನಿಲ್ಲಲು ಹೊರಟಳು. ಕೆಳಗಿನ ವಸಡಿನಲ್ಲಿ ಒಂದು ಹಲ್ಲು ಮೂಡಿತು. ಅಪ್ಪ ಎಂದು ಕರೆಯದಿದ್ದರೂ ನನ್ನ ಬೈಕಿನ ಸದ್ದಿಗೆ ಎರಡೂ ಕೈ ಬಡಿಯುತ್ತಿದ್ದಳು, ನಾನು ಅದಕ್ಕೇ ಉಬ್ಬಿ ಹೋಗುತ್ತಿದ್ದೆ.

ಎಲ್ಲ ಸರಿ, ತೂಕ ಮಾತ್ರ ಏರುತ್ತಿರಲಿಲ್ಲ.

ಆರೋಗ್ಯ ಕೇಂದ್ರದ ನರ್ಸಮ್ಮ ಕಾರ್ಡಿನ ಮೇಲೆ ಚುಕ್ಕೆಯಿಟ್ಟು, ಗೆರೆ ಎಳೆದು, ತುಟಿ ಒತ್ತಿಕೊಂಡರು. ಪ್ರತಿ ವಾರ ತೂಗಬೇಕು ಎಂದರು. ತೂಗುವುದಾದರೂ ಎಲ್ಲಿ? ಹಿಂದಿನ ತಿಂಗಳಷ್ಟೇ ನಾನು ಅಲ್ಲಿಗೆ ತಪಾಸಣೆಗೆ ಹೋಗಿ, ಅವರ ಮಕ್ಕಳ ತಕ್ಕಡಿ ನೂರಿಪ್ಪತ್ತು ಗ್ರಾಂ ತಪ್ಪು ತೋರಿಸುತ್ತದೆಂದು ಕೆಂಪು ಚೀಟಿ ಅಂಟಿಸಿ ಬಂದಿದ್ದೆ.

"ನೀವೇ ತಾನೆ ಸಾರ್ ಅಂಟಿಸಿ ಹೋಗಿದ್ದು?" ಎಂದು ನರ್ಸಮ್ಮ ನಕ್ಕರು. "ಹೊಸದು ಬರೋಕೆ ಇನ್ನೂ ಎರಡು ತಿಂಗಳು. ಉಳಿದ ಮಕ್ಕಳನ್ನ ಪಕ್ಕದ ಕೇಂದ್ರಕ್ಕೆ ಕಳಿಸ್ತಿದ್ದೀನಿ. ನಿಮಗ್ಯಾಕೆ ಆ ಓಡಾಟ? ನಿಮ್ಮ ಆಫೀಸಿನ ತಕ್ಕಡಿಗಿಂತ ಸರಿಯಾದ್ದು ಈ ಊರಲ್ಲಿ ಇನ್ನೆಲ್ಲಿದೆ? ಸೋಮವಾರ ಬೆಳಿಗ್ಗೆ ಮನೇಲೇ ತೂಗಿ, ಈ ಕಾರ್ಡಲ್ಲಿ ಬರ್ದು, ನನಗೆ ಫೋನ್ ಮಾಡಿ. ಆದ್ರೆ ಒಂದು ಮಾತು. ಎರಡು ವಾರ ಸಾಲಾಗಿ ಇಳಿದ್ರೆ ಸುಮ್ಮನೆ ಬಿಡಲ್ಲ ನಾನು. ದೊಡ್ಡಾಸ್ಪತ್ರೆಗೆ ಬರ್ಕೊಡ್ತೀನಿ, ಎಲ್ಲ ಪರೀಕ್ಷೆ ಆಗ್ಬೇಕು."

ಮೊದಲ ಸೋಮವಾರ, ಆಫೀಸಿನಿಂದ ತಂದ ತಕ್ಕಡಿಯಲ್ಲಿ, ಆರು ಕಿಲೋ ಎಂಟುನೂರಿಪ್ಪತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಎರಡನೆಯ ಸೋಮವಾರದ ಹಿಂದಿನ ದಿನ ಅಕ್ಕ ಫೋನ್ ಮಾಡಿದ್ದಳು. ನನ್ನ ಅಕ್ಕ ಕೆಟ್ಟವಳಲ್ಲ, ಆದರೆ ಅವಳ ಬಾಯಿಗೆ ಬಾಗಿಲಿಲ್ಲ. "ಹೇಗಿದ್ದಾಳೋ ನಮ್ಮ ಕಡ್ಡಿ ಪೈಲ್ವಾನ್? ಅಮ್ಮನ ಹಾಲು ಸಾಲ್ತಿಲ್ಲವೇನೋಪ್ಪ. ನನ್ನ ಮಕ್ಕಳು ಆ ವಯಸ್ಸಿಗೆ ಎತ್ತಿದ್ರೆ ಸೊಂಟ ಹಿಡ್ಕೋತಿತ್ತು" ಎಂದಳು. ಫೋನ್ ಸ್ಪೀಕರಿನಲ್ಲಿತ್ತು, ಹೆಂಡತಿ ಪಕ್ಕದಲ್ಲೇ ಬಟ್ಟೆ ಮಡಿಸುತ್ತಿದ್ದಳು. ಅವಳ ಮುಖ ಸಣ್ಣಗಾಯಿತು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದಳು.

ಮರುದಿನ ಬೆಳಿಗ್ಗೆ ಊಟದ ಮೇಜಿನ ಮೇಲೆ ತಕ್ಕಡಿ ಇಟ್ಟೆ, ಅದರ ಮೇಲೆ ಟವೆಲ್ ಹಾಸಿ ಅಂಕಿಯನ್ನು ಸೊನ್ನೆಗೆ ತಂದೆ. ಹೆಂಡತಿಗೆ ನೋಡುವ ಧೈರ್ಯವಿಲ್ಲ. ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ತೊಳೆದ ಲೋಟಗಳನ್ನೇ ಮತ್ತೆ ತೊಳೆಯುತ್ತ ಅಲ್ಲಿಂದಲೇ ಕೂಗಿದಳು, "ಎಷ್ಟಂತೆ?"

ಇಪ್ಪತ್ತು ಗ್ರಾಂ ಇಳಿದಿತ್ತು. ಇಪ್ಪತ್ತು ಗ್ರಾಂ ಎಂದರೆ ಎಷ್ಟು? ಒಂದು ಸಲ ಉಚ್ಚೆ ಹೊಯ್ದರೆ ಅದಕ್ಕಿಂತ ಹೆಚ್ಚು ಇಳಿಯುತ್ತದೆ. ಹೀಗೆಂದು ನನಗೆ ನಾನೇ ಹೇಳಿಕೊಂಡೆ. ಬೇರೆ ಯಾರಾದರೂ ನನ್ನೆದುರು ಹೀಗೆ ಹೇಳಿದ್ದರೆ ಅವರ ನೀರಿಳಿಸಿಬಿಡುತ್ತಿದ್ದೆ.

"ಆರು ಎಂಟುನೂರ ಅರವತ್ತು," ಎಂದು ಕೂಗಿದೆ.

ನಲ್ಲಿ ನಿಂತಿತು. ಹೆಂಡತಿ ಒದ್ದೆ ಕೈಯಲ್ಲೇ ಓಡಿ ಬಂದಳು. "ನಿಜವಾಗ್ಲೂನಾ ರೀ? ನಲವತ್ತು ಏರಿದೆಯಾ?" ಮಗಳನ್ನೆತ್ತಿ ಅವಳ ಹೊಟ್ಟೆಗೆ ಬಾಯಿಟ್ಟು ಬುರ್ರ್ ಎಂದು ಊದಿದಳು, ಇಬ್ಬರೂ ಕೇಕೆ ಹಾಕಿ ನಕ್ಕರು. ಹೆರಿಗೆಯಾದಾಗಿನಿಂದ ಹೆಂಡತಿ ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ನಾನೂ ನಕ್ಕೆ. ಮುಂದಿನ ವಾರ ಏರಿಯೇ ಏರುತ್ತಾಳೆ, ಆಗ ಲೆಕ್ಕ ತಾನಾಗಿ ಸರಿಹೋಗುತ್ತದೆ ಎಂದುಕೊಂಡೆ.

ಮುಂದಿನ ವಾರವೂ ಇಳಿದಿತ್ತು.

ಸುಳ್ಳು ತೂಕದ ಹಣೆಬರಹ ನನಗೆ ತಿಳಿಯದ್ದೇನಲ್ಲ. ಒಮ್ಮೆ ಅರವತ್ತು ಸೇರಿಸಿದ ಮೇಲೆ ಮುಂದಿನ ಸಲ ಅದಕ್ಕಿಂತ ಹೆಚ್ಚು ಹೇಳಲೇಬೇಕು. ಇಲ್ಲದಿದ್ದರೆ ಮಗು ಒಂದೇ ವಾರದಲ್ಲಿ ಕರಗಿಹೋದ ಹಾಗೆ ಕಾಣುತ್ತದೆ. ಮೂರನೆಯ ವಾರ ಆರು ಒಂಬೈನೂರ ನಲವತ್ತು ಎಂದೆ. ನಾಲ್ಕನೆಯ ವಾರ ಏಳು ದಾಟಿಸಿದೆ. ಹೆಂಡತಿ ಕ್ಯಾಲೆಂಡರಿನ ಆ ಚೌಕಕ್ಕೆ ಲಿಪ್‌ಸ್ಟಿಕ್ಕಿನಿಂದ ಸುತ್ತು ಹಾಕಿದಳು.

ನಿಜ ಹೇಳುತ್ತೇನೆ, ಬರೀ ಹೆಂಡತಿಯ ನಗುವಿಗಾಗಿ ಇದನ್ನೆಲ್ಲ ಮಾಡಿದೆ ಎಂದರೆ ಅದು ಇನ್ನೊಂದು ಸುಳ್ಳು. ಅಕ್ಕ ಸಮುದ್ರದ ದಂಡೆಯಲ್ಲಿ ಒಂದು ವಾರಕ್ಕೆ ಮನೆ ಗೊತ್ತು ಮಾಡಿದ್ದಳು. ಅಕ್ಕ, ಭಾವ, ಅವರ ಇಬ್ಬರು ಮಕ್ಕಳು, ನಾವು ಮೂವರು. ಮಗು ಬಂದ ಮೇಲೆ ನಮಗೆ ಮೊದಲ ರಜೆ. "ತೂಕ ಇಳಿದ್ರೆ ನಾನಂತೂ ಬರಲ್ಲ, ಆಸ್ಪತ್ರೆ ಮುಗಿಸ್ಕೊಂಡೇ ಮುಂದಿನ ಮಾತು" ಎಂದು ಹೆಂಡತಿ ಕಡ್ಡಿ ಮುರಿದ ಹಾಗೆ ಹೇಳಿದ್ದಳು. ನನಗೆ ಆ ಒಂದು ವಾರ ಬೇಕಿತ್ತು. ನೀರಿಗೆ ಬೀಳಬೇಕಿತ್ತು, ಮಧ್ಯಾಹ್ನ ಬೋರಲು ಮಲಗಿ ನಿದ್ದೆ ಮಾಡಬೇಕಿತ್ತು, ಮಗುವನ್ನು ಒಂದು ಗಂಟೆ ಬೇರೆ ಯಾರಾದರೂ ಎತ್ತಿಕೊಳ್ಳಬೇಕಿತ್ತು. ನನ್ನ ಒಂದು ನಿದ್ದೆಗಾಗಿ ಮಗಳ ತೂಕ ಏರಿಸಿದ ಮನುಷ್ಯ ನಾನು. ಈಗ ಇದನ್ನು ಬರೆಯುವಾಗ ಮುಖಕ್ಕೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ಹೊರಡುವ ಹಿಂದಿನ ಸೋಮವಾರ, ಆರನೆಯ ವಾರ, ಏಳು ಕಿಲೋ ನೂರೈವತ್ತು ಎಂದು ನರ್ಸಮ್ಮನಿಗೆ ಹೇಳಿದೆ.

"ಭೇಷ್! ಹಾಗಾದ್ರೆ ಯಾವುದಕ್ಕೂ ಇರ್ಲಿ ಅಂತ ಡಾಕ್ಟರ ಹತ್ರ ದಿನ ಗೊತ್ತು ಮಾಡಿದ್ದೆನಲ್ಲ, ಅದನ್ನ ಬೇರೆ ಮಗೂಗೆ ಕೊಡ್ತೀನಿ. ಇಷ್ಟು ಚೆನ್ನಾಗಿ ಏರ್ತಿರೋಳಿಗೆ ಡಾಕ್ಟರ್ ಯಾಕೆ? ಹೋಗಿ, ಸಮುದ್ರ ತೋರಿಸ್ಕೊಂಡು ಬನ್ನಿ" ಎಂದರು.

ಆಗಲೂ ಬಾಯಿ ಬಿಡಬಹುದಿತ್ತು. ಹಲೋ ಎನ್ನುವಷ್ಟು ಹೊತ್ತು ಸಾಕಿತ್ತು. "ಥ್ಯಾಂಕ್ಸ್ ನರ್ಸಮ್ಮ" ಎಂದು ಫೋನ್ ಇಟ್ಟು ಚೀಲ ತುಂಬಲು ಹೋದೆ.

ಸಮುದ್ರದ ಮನೆ ಚೆನ್ನಾಗಿತ್ತು. ಬಿಳಿ ಗೋಡೆ, ಕಿಟಕಿಯ ತುಂಬ ನೀರು, ಎಲ್ಲಿ ಕಾಲಿಟ್ಟರೂ ಮರಳು. ಹೆಂಡತಿ ಕೂದಲು ಬಿಟ್ಟುಕೊಂಡು ಓಡಾಡಿದಳು, ಅಕ್ಕನ ಮಕ್ಕಳ ಜೊತೆ ಸೇರಿ ಭಾವನನ್ನು ಕತ್ತಿನವರೆಗೆ ಮರಳಿನಲ್ಲಿ ಹೂತಳು. ನಾನು ಕೋರಿಕೊಂಡ ನಿದ್ದೆಯೂ ಸಿಕ್ಕಿತು. ಆದರೆ ಎಚ್ಚರವಾದಾಗಲೆಲ್ಲ ಮೊದಲು ಕಾಣುತ್ತಿದ್ದದ್ದು ಮಗಳು. ಚಾಪೆಯ ಮೇಲೆ ಕೂರಿಸಿದಲ್ಲೇ ಕೂತಿರುತ್ತಿದ್ದಳು. ಅಲೆ ನೋಡಿ ಕೈ ಬಡಿಯಲಿಲ್ಲ. ಮರಳು ಬಾಯಿಗೆ ಹಾಕಿಕೊಳ್ಳಲು ಹೋಗಲಿಲ್ಲ. ಎರಡು ಚಮಚ ತಿಂದು ಮುಖ ತಿರುಗಿಸುತ್ತಿದ್ದಳು, ಹೆಗಲ ಮೇಲೆ ಹಾಕಿದರೆ ನಿದ್ದೆ ಹೋಗುತ್ತಿದ್ದಳು.

"ಎಂಥಾ ಸಾಧು ಮಗೂನೋ ಇದು! ಒಂಚೂರು ರಗಳೆ ಇಲ್ಲ," ಎಂದಳು ಅಕ್ಕ. ಎಲ್ಲರೂ ಹೌದೆಂದರು. ಊರಿಗೆ ಹೋದ ತಕ್ಷಣ ತೋರಿಸೋಣ, ಇನ್ನು ನಾಲ್ಕೇ ದಿನ ಎಂದುಕೊಂಡೆ.

ಮೂರನೆಯ ದಿನ ಮಧ್ಯಾಹ್ನ ದಂಡೆಯ ರಸ್ತೆಗೆ ಕಲ್ಲಂಗಡಿಯ ವ್ಯಾನು ಬಂತು. ಮಾರುತ್ತಿದ್ದವಳು ಐವತ್ತರ ಆಚೆಯ ಹೆಂಗಸು, ತಲೆಗೆ ಗಂಡಸರ ಟೋಪಿ. ವ್ಯಾನಿನ ಹಿಂಬಾಗಿಲಿಗೆ ದುಂಡು ಮುಖದ ತೂಗುತಕ್ಕಡಿ, ಅದರ ಕೆಳಗೆ ದೊಡ್ಡ ತಟ್ಟೆ ನೇತಾಡುತ್ತಿತ್ತು.

"ಹುಷಾರಮ್ಮ! ತೂಕದ ಇನ್‌ಸ್ಪೆಕ್ಟರ್ ಸಾಹೇಬ್ರು ರಜೆ ಮೇಲೆ ಬಂದಿದ್ದಾರೆ" ಎಂದು ಭಾವ ಹಲ್ಲು ಕಿರಿದರು.

"ನೋಡ್ಕೊಳ್ಳಲಿ ಬಿಡಿ. ನನ್ನ ತಕ್ಕಡಿಗೇನು ಜ್ವರ ಬಂದಿಲ್ಲ" ಎಂದಳು ಆಕೆ.

ಅಕ್ಕನಿಗೆ ಫೋಟೋದ ಹುಚ್ಚು. ಕಲ್ಲಂಗಡಿ ತೂಗಿಸಿದ ಮೇಲೆ, "ಏಯ್, ನಮ್ಮ ಪೈಲ್ವಾನ್‌ನೂ ಇದರಲ್ಲಿ ಕೂರಿಸೋಣ, ಯಾರು ಜಾಸ್ತಿ ನೋಡೋಣ" ಎಂದಳು. ನಾನು ಬೇಡ ಎನ್ನುವಷ್ಟರಲ್ಲಿ ಹೆಂಡತಿ ನಗುತ್ತ ಟವೆಲ್ ಹಾಸಿ ಮಗಳನ್ನು ತಟ್ಟೆಯಲ್ಲಿ ಕೂರಿಸಿ, ಬೀಳದ ಹಾಗೆ ಕೈ ಅಡ್ಡ ಹಿಡಿದಿದ್ದಳು. ಮುಳ್ಳು ಅತ್ತಿತ್ತ ಆಡಿ ನಿಂತಿತು.

"ಆರೂ ಮುಕ್ಕಾಲು," ಎಂದು ಅಕ್ಕ ಓದಿದಳು.

"ಸಾಧ್ಯಾನೇ ಇಲ್ಲ ಅತ್ತಿಗೆ" ಎಂದಳು ಹೆಂಡತಿ, ಅವಳ ದನಿಯಲ್ಲಿ ಹೆಮ್ಮೆ. "ಅವಳು ಏಳೂ ನೂರೈವತ್ತು. ಬಟ್ಟೆ, ಟವೆಲ್ ಬೇರೆ ಇದೆ. ಇವರೇ ತೂಗಿದ್ದು, ಇವರ ತಕ್ಕಡೀಲಿ."

ಭಾವ ಹೋ ಎಂದು ನಕ್ಕರು. "ಅಂದ್ರೆ ಈ ತಕ್ಕಡಿ ಅರ್ಧ ಕೇಜಿ ಕಮ್ಮಿ ತೋರ್ಸುತ್ತೆ! ನಮಗೇ ಲಾಭ. ಇನ್ನೂ ನಾಲ್ಕು ಹಣ್ಣು ಹಾಕಮ್ಮಾ!"

ಕಲ್ಲಂಗಡಿಯಾಕೆಯ ಮುಖದ ಬಣ್ಣ ಇಳಿಯಿತು. "ಅಯ್ಯೋ, ಹೌದಾ ಸ್ವಾಮಿ? ಬೇಸಿಗೆ ಪೂರ್ತಿ ಇದರಲ್ಲೇ ತೂಗಿದ್ದೀನಲ್ಲ! ಎಷ್ಟು ಹಣ್ಣು ಸುಮ್ಮನೆ ಕೊಟ್ನೋ ಏನೋ" ಎಂದು ನನ್ನ ಕಡೆ ತಿರುಗಿದಳು. "ನೀವು ತಿಳಿದವರು. ನೋಡಿ ಹೇಳಿ."

ಎಲ್ಲರೂ ನನ್ನನ್ನು ನೋಡಿದರು. ಹದಿನೇಳು ವರ್ಷದಲ್ಲಿ ಕಮ್ಮಿ ತೋರಿಸುವ ತಕ್ಕಡಿ ಇಟ್ಟುಕೊಂಡ ವ್ಯಾಪಾರಿ ಒಬ್ಬನೂ ನನಗೆ ಸಿಕ್ಕಿಲ್ಲ. ಅದೂ ಅಲ್ಲದೆ, ಸ್ಪ್ರಿಂಗ್ ಹಳತಾದರೆ ಹೆಚ್ಚು ಹಿಗ್ಗುತ್ತದೆ, ಹೆಚ್ಚೇ ತೋರಿಸುತ್ತದೆ. ಇದು ನಮ್ಮ ಇಲಾಖೆಯ ಜವಾನನಿಗೂ ಗೊತ್ತು.

"ಸ್ಪ್ರಿಂಗ್ ಹಳೇದಾಗಿದೆ," ಎಂದೆ. "ಅದಕ್ಕೇ ಕಮ್ಮಿ ತೋರಿಸ್ತಿದೆ."

"ಪಾಪ, ಸರಿ ಮಾಡಿಕೊಡಿ ರೀ. ನಮ್ಮ ಪುಟ್ಟಿಯಿಂದ ಅವರಿಗೆ ಗೊತ್ತಾಯ್ತು ನೋಡಿ" ಎಂದಳು ಹೆಂಡತಿ.

ಭಾವ ಕಾರಿನಿಂದ ಸ್ಕ್ರೂಡ್ರೈವರ್ ತಂದು ಕೈಗಿತ್ತರು. ತಕ್ಕಡಿಯ ಬೆನ್ನಿನ ತಿರುಪಿಗೆ ಅದನ್ನು ಇಟ್ಟೆ. ಒಂದು ಸುತ್ತು ತಿರುಗಿಸಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ, ಆಕೆ ಅಂದಿನಿಂದ ಊರಿಗೆಲ್ಲ ಮೋಸದ ತೂಕ ಹಾಕುತ್ತಿದ್ದಳು. ತಿರುಗಿಸಲಿಲ್ಲ. ನನ್ನದು ಒಳ್ಳೆಯತನ ಎಂದು ಯಾರೂ ತಿಳಿಯಬೇಡಿ. ಮೊನ್ನೆ ಮೊನ್ನೆಯವರೆಗೆ ಅಂಥ ಕೆಲಸ ಮಾಡಿದವರ ಮೇಲೆ ಕೇಸು ಹಾಕಿದವನು ನಾನು, ಬೆರಳು ಸುಮ್ಮನೆ ಏಳಲಿಲ್ಲ, ಅಷ್ಟೆ.

ನಾನು ಹಾಗೆ ನಿಂತಿರುವಾಗಲೇ ಆಕೆ ವ್ಯಾನಿನಿಂದ ಒಂದು ನೀರಿನ ಬಾಟಲಿ ತಂದಳು. "ಒಂದು ಲೀಟರ್ ನೀರು ಅಂದ್ರೆ ಒಂದು ಕೇಜಿ ತಾನೆ? ಬಾಟ್ಲಿ ಏನೂ ತೂಕ ಇಲ್ಲ" ಎಂದು, ಮಗುವನ್ನು ಟವೆಲ್ ಸಮೇತ ಎತ್ತಿಕೊಳ್ಳುವಂತೆ ಹೆಂಡತಿಗೆ ಕೈಸನ್ನೆ ಮಾಡಿ, ಬಾಟಲಿಯನ್ನು ತಟ್ಟೆಯಲ್ಲಿಟ್ಟಳು. ಮುಳ್ಳು ಒಂದರ ಮೇಲೆ ನಿಂತಿತು. ಇನ್ನೊಂದು ಬಾಟಲಿ ಇಟ್ಟಳು. ಎರಡು. ಮತ್ತೆರಡು ಇಟ್ಟಳು. ನಾಲ್ಕು.

"ನನ್ನ ತಕ್ಕಡಿ ಸರಿಯಾಗೇ ಇದೆ ಸ್ವಾಮಿ," ಎಂದಳು ಆಕೆ. ಬೈಯಲಿಲ್ಲ, ಮೆಲ್ಲಗೇ ಹೇಳಿದಳು. "ನಿಮ್ಮ ಮಗು ಇರೋದೇ ಅಷ್ಟು."

ಹೆಂಡತಿ ಮಗಳನ್ನು ಎದೆಯಿಂದ ಬಿಡಿಸಿ, ಎರಡೂ ಅಂಗೈಯ ಮೇಲೆ ಹಿಡಿದು ನೋಡಿದಳು.

"ಪ್ರೆಸ್ಸಲ್ಲಿ ಕಾಗದದ ಕಟ್ಟು ಎತ್ತಿದ್ರೆ ಹತ್ತು ಹಾಳೆ ಕಮ್ಮಿ ಇದ್ರೂ ನನಗೆ ಗೊತ್ತಾಗೋದು" ಎಂದಳು. "ಇವಳೂ ಹಗುರ ಆಗ್ತಿದ್ದಾಳೆ ಅಂತ ಕೈಗೆ ಗೊತ್ತಾಗ್ತಿತ್ತು ರೀ. ನಿಮ್ಮ ತಕ್ಕಡಿ ಏರಿದೆ ಅಂತು. ನನ್ನ ಕೈಗೇ ಅಭ್ಯಾಸ ತಪ್ಪಿದೆ ಅಂದ್ಕೊಂಡೆ."

ಆ ಕ್ಷಣ ಹೇಳಬೇಕಿತ್ತು. ಹೇಳಲಿಲ್ಲ.

ಹತ್ತು ನಿಮಿಷದಲ್ಲಿ ಭಾವನ ಕಾರಿನಲ್ಲಿ ನಾವು ಮೂವರು ಹೊರಟೆವು, ನಾನೇ ಓಡಿಸುತ್ತಿದ್ದೆ. ಆ ಊರಿನ ದೊಡ್ಡಾಸ್ಪತ್ರೆಗೆ ಮುಕ್ಕಾಲು ಗಂಟೆಯ ದಾರಿ. ಹೆಂಡತಿ ಹಿಂದಿನ ಸೀಟಿನಲ್ಲಿ ಮಗಳನ್ನು ಮಲಗಿಸಿಕೊಂಡು ಕೂತಿದ್ದಳು. ಅರ್ಧ ದಾರಿಯಲ್ಲಿ ಅವಳೇ ಮಾತು ತೆಗೆದಳು.

"ಅಂಕಿ ಓದೋವಾಗ ತಪ್ಪಾಗಿರ್ಬೇಕು ಅಲ್ವಾ ರೀ? ನಿದ್ದೆಗಣ್ಣಲ್ಲಿ ತೂಗ್ತಿದ್ರಿ ನೀವು. ಟವೆಲ್ ತೂಕ ಕಳೆಯೋದು ಮರೆತಿರ್ಬೇಕು."

ಅವಳು ನನಗಾಗಿ ನೆಪ ಹುಡುಕುತ್ತಿದ್ದಳು. ಅಷ್ಟು ಹೊತ್ತೂ ಅವಳ ತಲೆಯಲ್ಲಿ ಓಡುತ್ತಿದ್ದದ್ದು ಅದು. ನನ್ನಂಥವನನ್ನು ನಂಬಲು ಕಾರಣ ಹುಡುಕುವ ಹೆಂಡತಿ ನನಗೆ ಸಿಕ್ಕಿದ್ದಾಳೆ, ನಾನು ಅದಕ್ಕೆ ಏನು ಮಾಡಿದೆ? ಕನ್ನಡಿಯಲ್ಲಿ ಅವಳ ಕಣ್ಣು ತಪ್ಪಿಸಿ, "ಇರಬೇಕು" ಎಂದೆ.

ಮಕ್ಕಳ ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಂಗಸು, ಕಣ್ಣಿನ ಕೆಳಗೆ ಕಪ್ಪು. ಮಗಳನ್ನು ತೂಗಿಸಿದರು, ಹೊಟ್ಟೆ ಒತ್ತಿ ನೋಡಿದರು, ಉಚ್ಚೆ ಹಿಡಿಸಿ ಪರೀಕ್ಷೆಗೆ ಕಳಿಸಿದರು. ಎರಡು ಗಂಟೆಯ ಮೇಲೆ ನಮ್ಮನ್ನು ಒಳಗೆ ಕರೆದರು.

"ಮೂತ್ರದ ಸೋಂಕು" ಎಂದರು. "ಜ್ವರ ಇಲ್ಲದೇನೇ ಒಳಗೊಳಗೇ ಇರುತ್ತೆ ಕೆಲವು ಮಕ್ಕಳಲ್ಲಿ. ತೂಕ ಇಳಿಯೋದು ಬಿಟ್ರೆ ಬೇರೆ ಗುರುತೇ ಇರಲ್ಲ. ಇವತ್ತೇ ಅಡ್ಮಿಟ್ ಮಾಡ್ಕೋತೀವಿ, ಇಂಜೆಕ್ಷನ್ ಶುರು ಮಾಡ್ತೀವಿ. ಕಿಡ್ನಿಗೆ ಎಷ್ಟು ಪೆಟ್ಟಾಗಿದೆ ಅಂತ ಸ್ಕ್ಯಾನ್ ಮಾಡಿ ನೋಡ್ಬೇಕು. ತೂಕ ಯಾವ ವಾರದಿಂದ ಇಳಿಯೋಕೆ ಶುರುವಾಯ್ತು?" ನಾವು ತಂದಿದ್ದ ಕಾರ್ಡನ್ನು ತಿರುಗಿಸಿ ನೋಡಿ ಹುಬ್ಬು ಗಂಟಿಕ್ಕಿದರು. "ಇದರಲ್ಲಿ ಪ್ರತಿ ವಾರ ಏರಿದೆಯಲ್ಲ?"

"ಇವರು ಓದೋವಾಗ ತಪ್ಪಾಗಿದೆ ಡಾಕ್ಟರ್," ಎಂದಳು ಹೆಂಡತಿ. "ರಾತ್ರಿಯೆಲ್ಲ ನಿದ್ದೆ ಇರ್ತಿರ್ಲಿಲ್ಲ ಇಬ್ಬರಿಗೂ. ಇವರದೇನೂ ತಪ್ಪಿಲ್ಲ."

"ಹಾಗಾದ್ರೆ ಇದು ಉಪಯೋಗಕ್ಕೆ ಬರಲ್ಲ," ಎಂದು ಡಾಕ್ಟರು ಕಾರ್ಡನ್ನು ಬದಿಗಿಟ್ಟರು. "ಎಷ್ಟು ದಿನದ ಸೋಂಕು ಅಂತ ತಿಳಿದಿದ್ರೆ ಒಳ್ಳೇದಿತ್ತು. ಔಷಧಿ ಎಷ್ಟು ದಿನ, ಯಾವ ಸ್ಕ್ಯಾನ್ ಅನ್ನೋದೆಲ್ಲ ಅದರ ಮೇಲೇ ನಿಂತಿರುತ್ತೆ. ಹೋಗ್ಲಿ, ಗೊತ್ತಿಲ್ಲ ಅಂತಲೇ ಬರ್ಕೋತೀನಿ."

ಪೆನ್ನು ಕಾಗದದ ಮೇಲೆ ಇಳಿಯುವುದನ್ನು ನೋಡಿದೆ. ಹೆಂಡತಿಯ ತೊಡೆಯ ಮೇಲೆ ಮಗಳು ಬಾಯಿ ತೆರೆದು ಮಲಗಿದ್ದಳು. ಬಾಯಿ ಮುಚ್ಚಿಕೊಂಡಿದ್ದರೆ ಹೆಂಡತಿ ನನ್ನವಳಾಗಿ ಉಳಿಯುತ್ತಿದ್ದಳು. ಅದು ನನಗೆ ಬೆಳಕಿನಷ್ಟು ಸ್ಪಷ್ಟವಾಗಿ ಗೊತ್ತಿತ್ತು.

"ಬರೀಬೇಡಿ ಡಾಕ್ಟರ್," ಎಂದೆ. "ಆರು ಎಂಟುನೂರಿಪ್ಪತ್ತು. ಎರಡನೇ ವಾರ ಆರು ಎಂಟುನೂರು. ಮೂರನೇ ವಾರ ಆರು ಏಳುನೂರ ತೊಂಬತ್ತು. ಆಮೇಲೆ ಏಳುನೂರ ನಲವತ್ತು. ಏಳುನೂರ ಹತ್ತು. ಹೋದ ಸೋಮವಾರ ಆರು ಆರುನೂರ ಅರವತ್ತು. ಟವೆಲ್ ಕಳೆದು."

ಎಲ್ಲಿಯೂ ತಡವರಿಸಲಿಲ್ಲ. ಡಾಕ್ಟರ ಪೆನ್ನು ನಿಂತಿತ್ತು. ಅವರು ನನ್ನನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಮತ್ತೆ ಕಾಗದ ನೋಡಿಕೊಂಡರು.

ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳು ಅಳಲಿಲ್ಲ. ಅತ್ತಿದ್ದರೆ, ಬೈದಿದ್ದರೆ, ಎದ್ದು ಕೆನ್ನೆಗೆ ಎರಡು ಬಿಟ್ಟಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಒಂದೂ ಮರೆತಿಲ್ಲ ನೀವು," ಎಂದಳು.

ನಾನು ತಲೆ ತಗ್ಗಿಸಿದೆ.

ಅವಳು ಮಗಳನ್ನು ಎಡ ತೋಳಿಗೆ ಸರಿಸಿಕೊಂಡು, ಮೇಜಿನ ಮೇಲಿದ್ದ ಕಾರ್ಡನ್ನು ಹತ್ತಿರ ಎಳೆದುಕೊಂಡಳು. ಡಾಕ್ಟರಿಂದ ಪೆನ್ನು ಕೇಳಿ ಪಡೆದು, ನಾನು ಬರೆದಿದ್ದ ಸುಳ್ಳು ಅಂಕಿಗಳ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದಳು.

"ಇನ್ನೊಂದ್ಸಲ ಹೇಳಿ. ನಿಧಾನವಾಗಿ."

ಮೊದಲಿನಿಂದ ಹೇಳಿದೆ. ಒಂದೊಂದನ್ನೂ ಬರೆದುಕೊಂಡಳು. ಮುಗಿದ ಮೇಲೆ ಕಾರ್ಡನ್ನು ಡಾಕ್ಟರ ಕಡೆ ತಳ್ಳಿ, "ಇನ್ನೊಂದು ಸಲ ಅವಳನ್ನ ತೂಗ್ತೀರಾ ಡಾಕ್ಟರ್? ನಾನು ನೋಡ್ಬೇಕು" ಎಂದಳು. ಮಗಳನ್ನು ಎತ್ತಿಕೊಂಡು ಅವರ ಹಿಂದೆ ಪಕ್ಕದ ಕೋಣೆಗೆ ಹೋದಳು. ನಾನು ಏಳಲು ಹೋದಾಗ ಹಿಂದಿರುಗಿ ನೋಡದೆಯೇ ಹೇಳಿದಳು:

"ನೀವು ಇಲ್ಲೇ ಕೂತಿರಿ."